ಕ್ಯಾಮರಾ ಕೊಂಡಾಯ್ತು, ಕಟ್ಟೋದು ಯಾವುದಕ್ಕೆ?

ರಾತ್ರಿ ತೋಟಕ್ಕೆ ಯಾರು ಬಂದು ಹೋಗುತ್ತಾರೆ ಅಂತ ನೋಡೋಕೆ ಟ್ರೈಲ್ ಕ್ಯಾಮರಾ ಇಡುವವರು ಈಗ ಹಳ್ಳಿಗಳಲ್ಲೂ ಜಾಸ್ತಿ ಆಗಿದ್ದಾರೆ. ಗೊತ್ತಿಲ್ಲದವರಿಗೆ ಎರಡೇ ಮಾತು: ಬ್ಯಾಟರಿ ಮೇಲೆ ನಡೆಯುವ ಪುಟ್ಟ ಡಬ್ಬಿ ಅದು, ಎದುರಿಗೆ ಬಿಸಿ ಮೈಯ ಪ್ರಾಣಿ ಹಾದುಹೋದರೆ ಸೆನ್ಸರ್‌ಗೆ ಗೊತ್ತಾಗಿ ತಾನಾಗಿಯೇ ಫೋಟೋ ತೆಗೆಯುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಯಾವ ಕ್ಯಾಮರಾ ಕೊಳ್ಳಲಿ ಅಂತ ಕೇಳಿದವರು ಒಬ್ಬಿಬ್ಬರು. ಕೊಂಡಿದ್ದನ್ನು ಅಲ್ಲಾಡದ ಹಾಗೆ ನಿಲ್ಲಿಸೋದು ಹೇಗೆ, ಅದೂ ದುಡ್ಡು ಸುರಿಯದೆ, ಅಂತ ಕೇಳಿದವರೇ ಉಳಿದವರೆಲ್ಲ.

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ. ಹಂದಿ ಕಾಟ ಅಂತ ಕ್ಯಾಮರಾ ತಂದು, ಜೊತೆಗೆ ಬಂದ ಬೆಲ್ಟಿನಲ್ಲೇ ಅಡಿಕೆ ಮರಕ್ಕೆ ಎದೆಯೆತ್ತರದಲ್ಲಿ ಕಟ್ಟಿದೆ. ಮೂರು ದಿನಕ್ಕೆ ಸಾವಿರಕ್ಕೂ ಜಾಸ್ತಿ ಫೋಟೋ. ಮೊದಲ ದಿನ ಬರೀ ಸೋಗೆ, ಆಮೇಲೆ ಬರೀ ನೆಲ. ಹಂದಿ ಒಂದೂ ಇಲ್ಲ. ಕ್ಯಾಮರಾ ಕೆಟ್ಟಿದೆಯಾ?
— ಓದುಗರೊಬ್ಬರು, ತೀರ್ಥಹಳ್ಳಿ

ಕೆಟ್ಟಿಲ್ಲ. ಫೋಟೋ ತುಂಬಿಕೊಂಡ ನಿಮ್ಮ ಮೆಮೊರಿ ಕಾರ್ಡೇ ನಡೆದ ಕಥೆ ಹೇಳುತ್ತಿದೆ. ಮೊದಲು ಸೋಗೆ, ಆಮೇಲೆ ನೆಲ ಅಂದರೆ ಬೆಲ್ಟು ಜಾರಿ ಕ್ಯಾಮರಾ ತಲೆ ತಗ್ಗಿಸಿದೆ ಅಂತ ಅರ್ಥ. ಅಡಿಕೆ ಮರ ನುಣುಪು, ತೆಳ್ಳಗೆ. ಆ ಬೆಲ್ಟು ಒರಟು ತೊಗಟೆಯ ದಪ್ಪ ಮರಕ್ಕೆ ಅಂತ ಮಾಡಿದ್ದು. ಇನ್ನು ಗಾಳಿ. ಮೇಲೆ ಹೋದಷ್ಟೂ ಅಡಿಕೆ ಮರ ಓಲಾಡುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸೆನ್ಸರ್ ನೋಡೋದು ಬಿಸಿ-ತಂಪಿನ ವ್ಯತ್ಯಾಸ ಜಾಗ ಬದಲಾಯಿಸೋದನ್ನು. ಬಿಸಿಲು ಬಿದ್ದ ಸೋಗೆ ಅಲ್ಲಾಡಿದರೂ ಅದಕ್ಕೆ ಪ್ರಾಣಿ ಬಂದ ಹಾಗೆ, ಕ್ಯಾಮರಾನೇ ಅಲ್ಲಾಡಿದರೂ ಎದುರಿನ ನೆಲವೆಲ್ಲ ಎದ್ದು ಓಡಾಡಿದ ಹಾಗೆ. ನಾನೂ ಮೊದಲ ವರ್ಷ ಇದೇ ಮಾಡಿ, ಒಂದು ವಾರದ ಫೋಟೋಗಳನ್ನು ರಾತ್ರಿ ಕೂತು ನೋಡಿ, ಕೊನೆಗೆ ಒಂದೇ ಒಂದು ಬಾಲ ಸಿಕ್ಕಿತ್ತು. ಅದು ನಮ್ಮ ನಾಯಿಯದು.

ಈಗ ಮಾಡಬೇಕಾದ್ದು. ಮೊದಲು ಕೆಳಗಿಳಿಸಿ, ಮೊಣಕಾಲಿನ ಮಟ್ಟಕ್ಕೆ. ಬುಡದ ಹತ್ತಿರ ಮರ ಅಲ್ಲಾಡೋದು ತೀರಾ ಕಮ್ಮಿ, ಹಂದಿಯ ಮೈ ಇರೋದೂ ಅಲ್ಲೇ. ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ, ಒಳಮೈ ಹೊರಗೆ ಬರೋ ಹಾಗೆ ಮರಕ್ಕೆ ಎರಡು ಸುತ್ತು ಸುತ್ತಿ. ಅದರ ಮೇಲೆ ಕ್ಯಾಮರಾ ಇಟ್ಟು ನೈಲಾನ್ ಹಗ್ಗದಲ್ಲಿ ಕಟ್ಟಿ. ಬರೀ ಟ್ಯೂಬಿನಲ್ಲೇ ಕಟ್ಟಿದರೆ ಅದು ಎಳೆದುಕೊಳ್ಳುತ್ತದೆ, ನಾಲ್ಕು ದಿನಕ್ಕೆ ಮತ್ತೆ ಜೋತು ಬೀಳುತ್ತದೆ, ಅದಕ್ಕೇ ಹಿಡಿತಕ್ಕೆ ರಬ್ಬರು, ಬಿಗಿಗೆ ಹಗ್ಗ. ಕಟ್ಟಿದ ಮೇಲೆ ಮರದ ಹಿಂಬದಿಯಲ್ಲಿ ಹಗ್ಗದೊಳಗೆ ಒಂದು ಗೇಣುದ್ದದ ಕೋಲು ತೂರಿಸಿ ಎರಡು ಮೂರು ಸುತ್ತು ತಿರುಚಿ, ಕೋಲಿನ ತುದಿಯನ್ನು ಅದೇ ಹಗ್ಗಕ್ಕೆ ಸಿಕ್ಕಿಸಿಬಿಡಿ. ಯಾವ ಬಕಲ್ಲೂ ಕೊಡದ ಬಿಗಿ ಬರುತ್ತದೆ.

ಕ್ಯಾಮರಾ ಸ್ವಲ್ಪ ಮೇಲೆ ಅಥವಾ ಕೆಳಗೆ ನೋಡಬೇಕಾ? ಅದಕ್ಕೆ ನಿಮ್ಮ ತೋಟದಲ್ಲೇ ಇರೋ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಸಾಕು. ಅಂಗೈ ಉದ್ದದ ತುಂಡನ್ನು ಬೆಣೆಯ ಹಾಗೆ ಕೆತ್ತಿ ಕ್ಯಾಮರಾದ ಬೆನ್ನಿಗೆ ಕೊಡಿ. ಮೇಲ್ಗಡೆ ಕೊಟ್ಟರೆ ಕೆಳಗೆ ನೋಡುತ್ತದೆ, ಕೆಳಗಡೆ ಕೊಟ್ಟರೆ ಮೇಲೆ. ಪೇಟೆಯಲ್ಲಿ ಇದೇ ಕೆಲಸಕ್ಕೆ ಬಾಲ್ ಹೆಡ್ ಅಂತ ಮಾರುತ್ತಾರೆ, ನನ್ನ ಹತ್ತಿರ ಒಂದಿದೆ, ಒಂದು ಮಳೆಗಾಲಕ್ಕೇ ತುಕ್ಕು ಹಿಡಿದು ಕೂತಿದೆ.

ಮೊಳೆ ಮಾತ್ರ ಹೊಡೆಯಬೇಡಿ. ಹಲಸಿನ ಮರಕ್ಕೆ ಗಾಯ ಆದರೆ ಸುತ್ತ ತೊಗಟೆ ಬೆಳೆದು ಮುಚ್ಚುತ್ತದೆ. ಅಡಿಕೆ, ತೆಂಗಿನ ಕಾಂಡದಲ್ಲಿ ಆ ಥರ ಬೆಳೆಯುವ ಪದರವೇ ಇಲ್ಲ. ಆದ ತೂತು ತೂತಾಗೇ ಉಳಿಯುತ್ತದೆ, ನೀರು ಇಳಿಯುತ್ತದೆ.

ಪ್ರಶ್ನೆ: ಕ್ಯಾಮರಾದ ಅಡಿಯಲ್ಲಿ ಒಂದು ಥ್ರೆಡ್ ಇರೋ ತೂತಿದೆ. ಅದಕ್ಕೆ ಬೋಲ್ಟ್ ಹಾಕಿ ಗೂಟಕ್ಕೆ ಕೂರಿಸೋಣ ಅಂತ 6 ಎಂಎಂ ಬೋಲ್ಟ್ ತಂದೆ. ಎರಡು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿ. ಇನ್ನೂ ತಿರುಗಿಸಲಾ?
— ಓದುಗರೊಬ್ಬರು, ಶಿರಸಿ

ದಯವಿಟ್ಟು ಬೇಡ! ಅಲ್ಲೇ ನಿಲ್ಲಿಸಿ, ನಿಧಾನಕ್ಕೆ ಬಿಚ್ಚಿ.

ಇದೊಂದು ಪತ್ರಕ್ಕೆ ಉತ್ತರ ಕೊಡೋಕೇ ಇವತ್ತು ಬರೆಯೋಕೆ ಕೂತಿದ್ದು ಅಂದರೂ ತಪ್ಪಿಲ್ಲ. ಆ ತೂತು ಮಾಮೂಲಿ ಫೋಟೋ ಕ್ಯಾಮರಾದ ಟ್ರೈಪಾಡ್ ತೂತೇ. ಅಳತೆ ಕಾಲು ಇಂಚು, ಇಂಚಿಗೆ 20 ಥ್ರೆಡ್ (ತಿರುಪಿನ ಹಲ್ಲು). ಕಾಲು ಇಂಚು ಅಂದರೆ 6.35 ಎಂಎಂ. ನೀವು ತಂದದ್ದು 6. ಕಣ್ಣಿಗೆ ಎರಡೂ ಒಂದೇ ಥರ. ಆದರೆ ಥ್ರೆಡ್‌ನಿಂದ ಥ್ರೆಡ್‌ಗೆ ಇರೋ ದೂರ ಬೇರೆ: ಕ್ಯಾಮರಾದ ತೂತಿನಲ್ಲಿ 1.27 ಎಂಎಂ, ನಿಮ್ಮ ಬೋಲ್ಟಿನಲ್ಲಿ 1 ಎಂಎಂ. ಹಾಗಾಗಿ ಒಂದೆರಡು ಸುತ್ತು ಮೋಸ ಮಾಡಿ ಒಳಗೆ ಬಿಟ್ಟುಕೊಳ್ಳುತ್ತದೆ, ಮೂರನೇ ಸುತ್ತಿಗೆ ಹಲ್ಲಿಗೆ ಹಲ್ಲು ಕೂರೋದಿಲ್ಲ. ನೀವು ಸ್ಪ್ಯಾನರ್ ಹಿಡಿದರೆ ಸೋಲೋದು ಕಬ್ಬಿಣದ ಬೋಲ್ಟಲ್ಲ, ಕ್ಯಾಮರಾ.

ಅಂಗಡಿಯಲ್ಲಿ ‘ಕಾಲಿಂಚು ಬೋಲ್ಟ್, 20 ಥ್ರೆಡ್’ ಅಂತಲೇ ಕೇಳಿ. ಹಳೇ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಟ್‌ವರ್ತ್ ಬೋಲ್ಟ್ ಅಂತ ಸಿಗುತ್ತದೆ, ಅದರ ಕಾಲಿಂಚು ಬೋಲ್ಟಿನಲ್ಲೂ ಇಂಚಿಗೆ 20 ಥ್ರೆಡ್ಡೇ. ಹಲ್ಲಿನ ಕೋನ ಚೂರು ಬೇರೆ, ಆದರೆ ಇಷ್ಟು ಹಗುರದ ಕೆಲಸಕ್ಕೆ ನಡೆಯುತ್ತದೆ. ಅನುಮಾನ ಇದ್ದರೆ ಮದುವೆ ಫೋಟೋ ತೆಗೆಯುವವರ ಹತ್ತಿರ ಟ್ರೈಪಾಡಿನ ಸ್ಕ್ರೂ ಬೇಡಿಕೊಂಡು ಹೋಗಿ, ಪಕ್ಕ ಪಕ್ಕ ಹಿಡಿದು ಹಲ್ಲು ಹೊಂದುತ್ತಾ ಅಂತ ಬೆಳಕಿಗೆ ನೋಡಿ. ಸರಿಯಾದ ಬೋಲ್ಟು ಬೆರಳಲ್ಲೇ ತಿರುಗುತ್ತದೆ, ಅದೇ ಪರೀಕ್ಷೆ.

ಕೂರಿಸೋದು ಹೀಗೆ. ಗೋಡೆಗೆ ಹಲಗೆ ಹೊಡೆಯೋಕೆ ಬಳಸುವ ಎಲ್ ಕ್ಲಾಂಪ್ ಒಂದು ತನ್ನಿ. ಅದರ ಒಂದು ಕಾಲು ಗೂಟಕ್ಕೆ, ಎರಡು ಸ್ಕ್ರೂ. ಇನ್ನೊಂದು ಕಾಲಿನ ತೂತನ್ನು ಆರೂವರೆ ಎಂಎಂ ಬಿಟ್‌ನಿಂದ ದೊಡ್ಡದು ಮಾಡಿ. ಬೋಲ್ಟನ್ನು ಕೆಳಗಿನಿಂದ ತೂರಿಸಿ, ಮೇಲೆ ಒಂದು ವಾಷರ್, ಎರಡು ನಟ್ ಹಾಕಿ, ಕೆಳಗಿನ ನಟ್ಟನ್ನು ಕ್ಲಾಂಪಿಗೆ ಬಿಗಿ ಮಾಡಿ. ಈಗ ಕ್ಯಾಮರಾವನ್ನು ಬೋಲ್ಟಿನ ಮೇಲೆ ಕೈಯಲ್ಲೇ ತಿರುಗಿಸಿ ಇಳಿಸಿ, ಬೇಕಾದ ದಿಕ್ಕಿಗೆ ಬಂದಾಗ ನಿಲ್ಲಿಸಿ, ಮೇಲಿನ ನಟ್ಟನ್ನು ಮೇಲಕ್ಕೆ ತಂದು ಕ್ಯಾಮರಾದ ತಳಕ್ಕೆ ಬಿಗಿ ಮಾಡಿ. ಆಮೇಲೆ ದಿಕ್ಕು ಕದಲೋದಿಲ್ಲ. ತೂತು ಆಳ ಇರೋದಿಲ್ಲ ಅನ್ನೋದು ನೆನಪಿರಲಿ. ಬೋಲ್ಟ್ ಉದ್ದ ಆಗಿ ತಳಕ್ಕೆ ಮುಟ್ಟಿದ ಮೇಲೂ ತಿರುಗಿಸಿದರೆ ಡಬ್ಬಿ ಸೀಳುತ್ತದೆ.

ಇನ್ನೊಂದು ಉಪಾಯ. ಮೊದಲಿನ ಚೌಕ ಡಬ್ಬಿಯಂಥ ಸಿಸಿಟಿವಿ ಕ್ಯಾಮರಾಗಳ ಸ್ಟ್ಯಾಂಡ್ ಗುಜರಿಯಲ್ಲಿ ಸಿಕ್ಕರೆ ಬಿಡಬೇಡಿ. ಅದರ ತಲೆಯಲ್ಲಿ ಇರೋದೂ ಇದೇ ಕಾಲಿಂಚು ಸ್ಕ್ರೂ. ಮೇಲೆ ಕೆಳಗೆ, ಆಚೆ ಈಚೆ ತಿರುಗುತ್ತದೆ, ಬಿಸಿಲು ಮಳೆ ಎಲ್ಲ ಕಂಡಿರುತ್ತದೆ. ನನ್ನ ಹತ್ತಿರ ಇರೋ ಮೂರರಲ್ಲಿ ಎರಡು ಹೀಗೆ ಬಂದದ್ದೇ.

ನಿಮ್ಮ ಥ್ರೆಡ್ ಈಗಾಗಲೇ ಸವೆದುಹೋಗಿದ್ದರೆ ಡಬ್ಬಿಯ ಬೆನ್ನು ನೋಡಿ, ಕೆಲವು ಕ್ಯಾಮರಾಗಳಲ್ಲಿ ಅಲ್ಲೂ ಇದೇ ಅಳತೆಯ ತೂತು ಇರುತ್ತದೆ. ಇಲ್ಲವಾದರೆ ಹಗ್ಗವೇ ಗತಿ.

ಪ್ರಶ್ನೆ: ನಮ್ಮ ಹೊಲದಲ್ಲಿ ಮರವೇ ಇಲ್ಲ. ಶೇಂಗಾ ಬೆಳೆ. ಹಂದಿ ಬರುತ್ತೋ ಕೃಷ್ಣಮೃಗ ಬರುತ್ತೋ ತಿಳಿಯಬೇಕು. ಕಬ್ಬಿಣದ ಸರಳು ನೆಟ್ಟು ಮೇಲೆ ಕ್ಯಾಮರಾ ಹಾಕಿದ್ದೆ. ದಿನಾ ಬೆಳಿಗ್ಗೆ ನೋಡಿದರೆ ಬೇರೆ ಕಡೆ ಮುಖ ಮಾಡಿರುತ್ತೆ.
— ಓದುಗರೊಬ್ಬರು, ಚಳ್ಳಕೆರೆ

ದುಂಡು ಸರಳಿನ ಗುಣವೇ ಅದು, ಮಣ್ಣಿನಲ್ಲಿ ಎಷ್ಟೇ ಆಳಕ್ಕೆ ಹೊಡೆದರೂ ತಿರುಗುತ್ತದೆ. ಕ್ಯಾಮರಾದ ಭಾರ ಒಂದು ಕಡೆ ಇದ್ದರಂತೂ ಗಾಳಿಯೇ ಸಾಕು. ಸರಳಿನ ಬದಲು ಎಲ್ ಆಂಗಲ್ (ಎಲ್ ಅಕ್ಷರದ ಹಾಗೆ ಮಡಿಸಿದ ಕಬ್ಬಿಣದ ಪಟ್ಟಿ) ತೆಗೆದುಕೊಳ್ಳಿ, ಒಂದಿಂಚಿನದು, ಮೂರಡಿ ಉದ್ದ. ಒಂದು ತುದಿಯನ್ನು ಓರೆಗೆ ಕತ್ತರಿಸಿ ಚೂಪು ಮಾಡಿಸಿ. ಇನ್ನೊಂದು ತುದಿಗೆ ಬೆಂಕಿಪೊಟ್ಟಣದಷ್ಟು ಪಟ್ಟಿ, ಅದರ ಮೇಲೆ ಕಾಲಿಂಚು ಬೋಲ್ಟ್ ತಲೆಕೆಳಗಾಗಿ ಇಟ್ಟು ವೆಲ್ಡಿಂಗ್. ಗೇಟು ಮಾಡುವ ಅಂಗಡಿಯಲ್ಲಿ ಬಿದ್ದಿರೋ ತುಂಡಲ್ಲೇ ಆಗುತ್ತದೆ, ಹೊಸದು ಕೊಳ್ಳಬೇಕಾಗಿಲ್ಲ. ಒಂದೂವರೆ ಅಡಿ ಮಣ್ಣಿಗೆ ಹೋಗಲಿ. ನೆಲ ಗಟ್ಟಿ ಇದ್ದರೆ ಮೊದಲು ಹಾರೆಯಲ್ಲಿ ತೂತು ಮಾಡಿಕೊಳ್ಳಿ. ಬೋಲ್ಟಿನ ಮೇಲೆ ಸುತ್ತಿಗೆ ಹೊಡೆಯಬೇಡಿ, ಥ್ರೆಡ್ ಹಾಳಾಗುತ್ತದೆ. ಬದಿಗೊಂದು ಅಡ್ಡಪಟ್ಟಿ ವೆಲ್ಡ್ ಮಾಡಿಸಿದರೆ ಅದರ ಮೇಲೆ ಹೊಡೆಯಬಹುದು, ಕಾಲಲ್ಲೂ ತುಳಿಯಬಹುದು.

ವೆಲ್ಡಿಂಗ್ ಬೇಡ ಅನ್ನುವವರಿಗೆ ಪೈಪು. ಒಂದೂವರೆ ಇಂಚಿನ ಪಿವಿಸಿ ತುಂಡು, ಮೇಲೆ ಎಂಡ್ ಕ್ಯಾಪ್. ಕ್ಯಾಪಿನ ನಡುವೆ ತೂತು ಕೊರೆದು, ಬೋಲ್ಟನ್ನು ಒಳಗಿನಿಂದ ಹೊರಗೆ ತೂರಿಸಿ ನಟ್ ಬಿಗಿ ಮಾಡಿ, ಆಮೇಲೆ ಕ್ಯಾಪನ್ನು ಪೈಪಿಗೆ ಹಾಕಿ ಬದಿಯಿಂದ ಒಂದು ಸ್ಕ್ರೂ ಹೊಡೆಯಿರಿ. ಈ ಕ್ರಮ ತಪ್ಪಿಸಬೇಡಿ, ಮೊದಲೇ ಕ್ಯಾಪ್ ಅಂಟಿಸಿದರೆ ಬೋಲ್ಟ್ ಹಾಕೋಕೆ ದಾರಿ ಇರೋದಿಲ್ಲ. ನಾನು ಅಂಟಿಸಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಪೈಪೂ ದುಂಡಗೇ ಅಲ್ವಾ? ಹೌದು, ಅದಕ್ಕೆ ಮಣ್ಣಿನೊಳಗೆ ಹೋಗುವ ಭಾಗಕ್ಕೆ ಅಡ್ಡ ತೂತು ಕೊರೆದು ಒಂದು ಗೇಣು ಸರಳು ತೂರಿಸಿ, ಗುಂಡಿ ತೋಡಿ ಹೂತು ಬಿಡಿ, ಆಗ ತಿರುಗೋದಿಲ್ಲ.

ಬಯಲಲ್ಲಿ ಒಂಟಿ ಗೂಟ ಕಂಡರೆ ದನ ಬಂದು ಮೈ ಉಜ್ಜದೆ ಬಿಡೋದಿಲ್ಲ. ಬುಡಕ್ಕೆ ನಾಲ್ಕು ಜಾಲಿ ಮುಳ್ಳಿನ ಕೊಂಬೆ ಒತ್ತಿ, ಆದರೆ ಕ್ಯಾಮರಾದ ಎದುರು ಒಂದು ಕಡ್ಡಿಯೂ ಬಾರದ ಹಾಗೆ. ಮುಖ ಉತ್ತರಕ್ಕಿರಲಿ. ಪೂರ್ವ, ಪಶ್ಚಿಮಕ್ಕೆ ಮಾಡಿದರೆ ಬೆಳಿಗ್ಗೆ ಸಂಜೆ ಸೂರ್ಯನ ಫೋಟೋಗಳೇ. ಇನ್ನು ಏಪ್ರಿಲ್, ಮೇ ಮಧ್ಯಾಹ್ನ ಪ್ರಾಣಿ ಎದುರಿಗೇ ಹೋದರೂ ಕ್ಯಾಮರಾ ಸುಮ್ನೆ ಇದ್ದರೆ ಗಾಬರಿ ಬೇಡ. ನೆಲದ ಕಾವೂ ಪ್ರಾಣಿಯ ಮೈ ಕಾವೂ ಒಂದೇ ಆದಾಗ ಸೆನ್ಸರ್‌ಗೆ ವ್ಯತ್ಯಾಸ ಕಾಣೋದಿಲ್ಲ. ರಾತ್ರಿ ಸರಿಹೋಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಅಡಿಕೆ ಗೊನೆ ನೆನೆಯದ ಹಾಗೆ ಕೊಟ್ಟೆ ಕಟ್ಟೋ ಪ್ಲಾಸ್ಟಿಕ್ಕನ್ನೇ ಕ್ಯಾಮರಾಕ್ಕೂ ಸುತ್ತಬಹುದಾ?
— ಓದುಗರೊಬ್ಬರು, ಸುಳ್ಯ

ಸುತ್ತಬೇಡಿ. ರಾತ್ರಿ ಕ್ಯಾಮರಾ ಬಿಡುವ ಕಣ್ಣಿಗೆ ಅಷ್ಟಾಗಿ ಕಾಣದ ಬೆಳಕು ಅದೇ ಪ್ಲಾಸ್ಟಿಕ್ಕಿಗೆ ಬಡಿದು ವಾಪಸ್ ಬರುತ್ತದೆ, ಫೋಟೋ ಪೂರ್ತಿ ಬಿಳಿ. ಒಳಗೆ ಬೆವರು ಕಟ್ಟುತ್ತದೆ, ಗಾಳಿಗೆ ಪಟಪಟ ಅಂತ ಹೊಡೆದುಕೊಳ್ಳುತ್ತದೆ. ಎದುರಿಗೆ ಗಾಜು ಇಡೋದು ಇನ್ನೂ ಕೆಟ್ಟದ್ದು, ಮೈ ಕಾವು ಗಾಜನ್ನು ದಾಟಿ ಬರೋದಿಲ್ಲ, ಸೆನ್ಸರ್ ಕುರುಡಾಗುತ್ತದೆ.

ಬೇಕಾಗಿರೋದು ಸೂರು ಅಷ್ಟೇ, ಗೋಡೆ ಅಲ್ಲ. ನಿಮ್ಮ ಕಡೆ ಅಡಿಕೆ ಹಾಳೆಯಲ್ಲಿ ಟೋಪಿ ಮಾಡುತ್ತಾರಲ್ಲ, ಕ್ಯಾಮರಾಕ್ಕೂ ಅದನ್ನೇ ಮಾಡಿ. ನೆನೆಸಿದ ಹಾಳೆಯ ತುಂಡನ್ನು ಡಬ್ಬಿಯ ಮೇಲೆ ಬಗ್ಗಿಸಿ, ಮುಂದೆ ಎರಡು ಬೆರಳು ಚಾಚಿರೋ ಹಾಗೆ ಕಟ್ಟಿ. ಜಾಸ್ತಿ ಚಾಚಿದರೆ ಫೋಟೋದ ಮೇಲ್ಭಾಗದಲ್ಲಿ ಅದೇ ಕಾಣುತ್ತದೆ. ಜೋರು ಮಳೆಗೆ ಹಾಳೆ ಬಹಳ ದಿನ ಬಾಳೋದಿಲ್ಲ, ಬದಲಾಯಿಸುತ್ತಿರಿ, ಅಥವಾ ಹಳೇ ಎಣ್ಣೆ ಕ್ಯಾನಿನ ಮೂಲೆ ಕತ್ತರಿಸಿ ಹಾಕಿ. ಡಬ್ಬಿ ತೆರೆದಾಗಲೆಲ್ಲ ರಬ್ಬರ್ ಅಂಚು ಒರೆಸಿ, ಒಂದು ಕೂದಲು ಸಿಕ್ಕಿಕೊಂಡಿದ್ದರೂ ಅದನ್ನೇ ಹಿಡಿದು ನೀರು ಇಳಿಯುತ್ತದೆ. ಗೂಟಕ್ಕೆ ಒಂದು ಬೆರಳಗಲ ಗ್ರೀಸ್ ಬಳಿದರೆ ಇರುವೆ ಹತ್ತೋದು ಕಮ್ಮಿ.

ಪ್ರಶ್ನೆ: ಕಾಫಿ ತೋಟದಲ್ಲಿ ಆನೆ ಓಡಾಟ. ಕ್ಯಾಮರಾ ಇಟ್ಟ ನಾಲ್ಕನೇ ದಿನ ಗೂಟ ಸಮೇತ ಕಿತ್ತು ಹಾಕಿದೆ. ಕಬ್ಬಿಣದ ಪೆಟ್ಟಿಗೆ ಮಾಡಿಸಲಾ? ಕಳ್ಳರ ಭಯವೂ ಇದೆ.
— ಓದುಗರೊಬ್ಬರು, ಸೋಮವಾರಪೇಟೆ

ಆನೆಗೆ ತಡೆಯುವಂಥದ್ದನ್ನು ನಾನೂ ನೀವೂ ಸೇರಿ ಮನೆಯಲ್ಲಿ ಮಾಡೋಕಾಗೋದಿಲ್ಲ. ಪೆಟ್ಟಿಗೆ ಉಳಿದರೂ ಅದರ ಬುಡ ಉಳಿಯೋದಿಲ್ಲ. ದಪ್ಪ ಸಿಲ್ವರ್ ಓಕ್ ಮರಕ್ಕೆ ಹತ್ತಡಿ ಮೇಲೆ ಕಟ್ಟಿ, ಬೆನ್ನಿನ ಮೇಲ್ಗಡೆ ದಪ್ಪ ಬೆಣೆ ಕೊಟ್ಟು ದಾರಿಯ ಕಡೆಗೆ ಬಗ್ಗಿಸಿ. ಸೊಂಡಿಲು ಅಲ್ಲಿಗೂ ಎಟುಕುತ್ತದೆ, ಆದರೆ ಕಣ್ಣೆದುರಿಗೆ ಇಲ್ಲದ್ದನ್ನು ಹುಡುಕಿಕೊಂಡು ಹೋಗೋದು ಕಮ್ಮಿ. ಇದರಲ್ಲಿ ನಷ್ಟವೂ ಇದೆ: ಬಗ್ಗಿ ನೋಡುವ ಕ್ಯಾಮರಾಕ್ಕೆ ಸಿಗುವ ನೆಲ ಸಣ್ಣದು, ಹಾಗಾಗಿ ದಾರಿಗೆ ತೀರಾ ಹತ್ತಿರದ ಮರವೇ ಬೇಕು. ಕಾರ್ಡ್ ಬದಲಾಯಿಸೋಕೆ ಪ್ರತಿ ಸಲ ಏಣಿಯೂ ಬೇಕು. ಸಿಲ್ವರ್ ಓಕ್ ಬೇಗ ದಪ್ಪ ಆಗುತ್ತದೆ, ಹಗ್ಗವನ್ನು ಆಗಾಗ ಸಡಿಲಿಸಿ ಮತ್ತೆ ಕಟ್ಟಿ.

ಕ್ಯಾಮರಾ ಇನ್ನೂ ಕೊಳ್ಳದವರು ಇದ್ದರೆ ಒಂದು ಮಾತು. ಕ್ಯಾಮರಾ ಬಿಡುವ ಬೆಳಕಿನ ತರಂಗಾಂತರ 850 ನ್ಯಾನೋಮೀಟರ್ ಇದ್ದರೆ ರಾತ್ರಿ ಅದು ಮಂದವಾಗಿ ಕೆಂಪಗೆ ಕಾಣುತ್ತದೆ, 940 ಇದ್ದದ್ದು ಕಾಣೋದಿಲ್ಲ. ಕಳ್ಳರಿಗೂ ಅಷ್ಟೇ. ಬೀಗಕ್ಕೆ ಸೈಕಲ್ಲಿನ ವೈರ್ ಲಾಕ್ ಸಾಕು. ಅದು ದಾರಿಹೋಕರನ್ನು ತಡೆಯುತ್ತದೆ, ಕತ್ತರಿ ಹಿಡಿದು ಬಂದವರನ್ನು ತಡೆಯೋದಿಲ್ಲ. ಡಬ್ಬಿಯ ಬದಿಗೆ ತೆಂಗಿನ ನಾರಿನ ಹಗ್ಗ ಸುತ್ತಿದರೆ ದೂರದಿಂದ ಮರದ ಗಂಟಿನ ಹಾಗೆ ಕಾಣುತ್ತದೆ.

ಪ್ರಶ್ನೆ: ತೋಟದ ಬೇಲಿ ದಾಟಿದರೆ ಕಾಡು. ಅಲ್ಲೇ ಹಳ್ಳದ ದಂಡೆಯಲ್ಲಿ ಒಂದು ಒಳ್ಳೇ ಮರ ಇದೆ. ಕಟ್ಟಲಾ?
— ಓದುಗರೊಬ್ಬರು, ಕೊಪ್ಪ

ಬೇಡ. ನಿಮ್ಮ ಜಾಗ ಎಲ್ಲಿಗೆ ಮುಗಿಯುತ್ತೋ ನಿಮ್ಮ ಕ್ಯಾಮರಾವೂ ಅಲ್ಲಿಗೇ ಮುಗಿಯಲಿ. ಆಚೆ ಕಟ್ಟಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಭಯಾರಣ್ಯವಾದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗೋದೇ ತಪ್ಪು. ಇನ್ನೊಂದು, ಹಳ್ಳದ ದಂಡೆ ಅಂದಿರಿ. ಅಲ್ಲಿ ಬಟ್ಟೆ ಒಗೆಯೋಕೆ, ಸ್ನಾನಕ್ಕೆ ಯಾರೂ ಬರೋದಿಲ್ವಾ? ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನ ಹಳ್ಳಿಗಳಲ್ಲಿ ಪ್ರಾಣಿಗೆ ಅಂತ ಇಟ್ಟ ಕ್ಯಾಮರಾಗಳಿಂದ ಸೌದೆಗೆ ಹೋಗುವ ಹೆಂಗಸರಿಗೆ ಆದ ಮುಜುಗರ, ಹೆದರಿಕೆಯ ಬಗ್ಗೆ 2024ರಲ್ಲಿ ಒಂದು ಅಧ್ಯಯನವೇ ಬಂದಿದೆ. ನಿಮ್ಮ ತೋಟದ ಒಳಗೂ ಆಳುಗಳು ಓಡಾಡುವ ಕಡೆ ಇಡೋದಾದರೆ ಅವರಿಗೆ ಮೊದಲೇ ಹೇಳಿ ಇಡಿ. ಚಿರತೆ ಸಿಕ್ಕಿತು ಅಂದುಕೊಳ್ಳಿ, ಜಾಗದ ಹೆಸರು ಹಾಕಿ ವಾಟ್ಸಾಪಿನಲ್ಲಿ ಹಂಚೋದು ಬೇಡ, ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮಗಳ ಮನೆಗೆ ಅಂತ ಅಮೆರಿಕದ ಮಿನ್ನೆಸೋಟಾಗೆ ಬಂದಿದ್ದೇನೆ. ಹಿತ್ತಲಿಗೆ ಜಿಂಕೆ ಬರುತ್ತವೆ. ಇಲ್ಲೂ ನಿಮ್ಮ ಹಗ್ಗ-ಬೆಣೆ ನಡೆಯುತ್ತಾ?
— ಓದುಗರೊಬ್ಬರು

ನಡೆಯುತ್ತದೆ. ನಿಮಗೆ ಕಷ್ಟವೇ ಇಲ್ಲ, ಅಲ್ಲಿ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಕಾಲಿಂಚು 20 ಥ್ರೆಡ್ಡಿನ ಬೋಲ್ಟೇ ಮಾಮೂಲು. ಒಂದು ಕಡೆ ಮರದ ಸ್ಕ್ರೂ, ಇನ್ನೊಂದು ಕಡೆ ಬೋಲ್ಟಿನ ಥ್ರೆಡ್ ಇರೋ ‘ಹ್ಯಾಂಗರ್ ಬೋಲ್ಟ್’ ಕೇಳಿ. ಬೇಲಿಯ ಮರದ ಕಂಬಕ್ಕೆ ಅದನ್ನು ತಿರುಗಿಸಿದರೆ ಅರ್ಧ ಮೌಂಟ್ (ಕ್ಯಾಮರಾ ಕೂರಿಸುವ ಸ್ಟ್ಯಾಂಡ್) ಅಲ್ಲಿಗೇ ಆಯ್ತು. ಹಿಮ ಎಷ್ಟು ಅಡಿ ಬೀಳುತ್ತದೆ ಅಂತ ಮಗಳನ್ನು ಕೇಳಿ ಎತ್ತರ ನಿರ್ಧರಿಸಿ, ಇಲ್ಲವಾದರೆ ಜನವರಿಯಲ್ಲಿ ಕ್ಯಾಮರಾ ಹಿಮದೊಳಗೆ ಇರುತ್ತದೆ. ಚಳಿಗೆ ಲಿಥಿಯಂ ಬ್ಯಾಟರಿ ಹಾಕಿ, ಮಾಮೂಲಿ ಆಲ್ಕಲೈನ್ ಬೇಗ ಕೈಕೊಡುತ್ತದೆ.

ಪ್ರಶ್ನೆ: ನಾನು 8ನೇ ತರಗತಿ. ಮಾವ ತಮ್ಮ ಹಳೇ ಕ್ಯಾಮರಾ ಕೊಟ್ಟಿದ್ದಾರೆ. ಮನೆ ಹಿಂದೆ ಪುನುಗು ಬೆಕ್ಕು ಬರುತ್ತೆ ಅಂತ ಅಜ್ಜಿ ಹೇಳುತ್ತಾರೆ. ಡ್ರಿಲ್ಲು, ವೆಲ್ಡಿಂಗ್ ಯಾವುದೂ ಇಲ್ಲದೆ ಇಡೋದು ಹೇಗೆ?
— ಓದುಗ, ಸಾಗರ

ಭೇಷ್! ನಿನಗೆ ಮೌಂಟೇ ಬೇಡ ಮರಿ. ಅಮ್ಮನನ್ನು ಕೇಳಿ ಹಳೇ ಪ್ಯಾಂಟಿನ ಒಂದು ಕಾಲು ತಗೋ, ಒಂದು ತುದಿ ಕಟ್ಟಿ ಮುಕ್ಕಾಲು ಭಾಗ ಒಣ ಮರಳು ತುಂಬು, ಇನ್ನೊಂದು ತುದಿಯನ್ನೂ ಕಟ್ಟು. ಎರಡು ಇಟ್ಟಿಗೆ ಒಂದರ ಮೇಲೊಂದು ಇಟ್ಟು, ಮೇಲೆ ಮರಳಿನ ಚೀಲ, ಚೀಲದಲ್ಲಿ ಗುಳಿ ಮಾಡಿ ಕ್ಯಾಮರಾ ಕೂರಿಸು. ಎತ್ತರ ಒಂದಡಿ ಇದ್ದರೆ ಸಾಕು, ಪುನುಗು ಬೆಕ್ಕು ಗಿಡ್ಡ. ಹುಲಿಗೇ ಮೊಣಕಾಲೆತ್ತರದಲ್ಲಿ ಇಡುತ್ತಾರೆ. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿ ಎಣಿಸಿದಾಗ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮರಾ ಇಡುತ್ತಿದ್ದರು. ಯಾಕೆ ಗೊತ್ತಾ? ಒಂದೇ ಹುಲಿಯ ಎಡ ಮೈ ಪಟ್ಟೆ ಬೇರೆ, ಬಲ ಮೈ ಪಟ್ಟೆ ಬೇರೆ.

ಬೆಕ್ಕು ಬರುವ ದಾರಿಗೆ ಅಡ್ಡಡ್ಡ ನೋಡೋ ಹಾಗೆ ಇಡಬೇಡ, ಸ್ವಲ್ಪ ಓರೆಯಾಗಿ ಇಡು. ಆಗ ಅದು ಎದುರಿನಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಬರೀ ಬಾಲ ಸಿಗೋದು ತಪ್ಪುತ್ತದೆ. ಎರಡು ಮೂರು ಮೀಟರ್ ದೂರ ಇರಲಿ, ತೀರಾ ಹತ್ತಿರ ಆದರೆ ಬೆಕ್ಕು ಸುಣ್ಣ ಬಳಿದ ಹಾಗೆ ಬೆಳ್ಳಗೆ ಬರುತ್ತದೆ. ಇಟ್ಟಾದ ಮೇಲೆ ಅದೇ ದಾರಿಯಲ್ಲಿ ನೀನೇ ನಾಲ್ಕು ಕಾಲಲ್ಲಿ ನಡೆದು ಹೋಗು, ನಿಧಾನಕ್ಕೆ, ತಲೆ ತಗ್ಗಿಸಿಕೊಂಡು. ಅಂಬೆಗಾಲಲ್ಲಿ ಹೋದ ನಿನ್ನ ಫೋಟೋ ಪೂರ್ತಿ ಬಂದರೆ ಬೆಕ್ಕಿನದೂ ಬರುತ್ತದೆ. ಅಜ್ಜಿಗೆ ಮೊದಲೇ ಹೇಳಿರು, ಇಲ್ಲದಿದ್ದರೆ ಮೊಮ್ಮಗನಿಗೆ ಏನಾಯ್ತೋ ಅಂತ ಗಾಬರಿ ಆದಾರು.